ಹರಡಿನ ಹಿಂದಿನ ಗುಳಿ

ಯುಮ್ನಾ ಮೂರು ಮಹಡಿ ಹತ್ತಿ ಬಾಗಿಲು ತಳ್ಳಿದಾಗ ಅಜ್ಜಿ ತಫೀದಾ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದಳು. ಮುಂದೆ ಒಂದು ದೊಡ್ಡ ತಟ್ಟೆ, ತಟ್ಟೆಯಲ್ಲಿ ಮಡಿಸಿದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಒಂದು ಎಲುಬು. ಕುರಿಯದಲ್ಲ, ಮನುಷ್ಯರದು. ಯುಮ್ನಾ ಅದನ್ನು ದಿಂಬಿನ ಚೀಲದೊಳಗೆ ತುರುಕಿ, ದಿಂಬನ್ನು ಚಳಿಗಾಲದ ಕಂಬಳಿಗಳ ಅಡಿಗೆ ತಳ್ಳಿ, ಅಲೆಕ್ಸಾಂಡ್ರಿಯಾಕ್ಕೆ ಈ ವರ್ಷ ಚಳಿ ತಡವಾಗಿ ಬರಲಪ್ಪಾ ಎಂದು ಬೇಡಿಕೊಂಡಿದ್ದಳು. ಚಳಿ ಯಾರ ಮಾತು ಕೇಳುತ್ತದೆ? ಬೆಳಗ್ಗೆ ಸಮುದ್ರದ ಕಡೆಯಿಂದ ಗಾಳಿ ತಿರುಗಿತ್ತು, ಅಜ್ಜಿಗೆ ಕಂಬಳಿ ಬೇಕಾಗಿತ್ತು.

"ಬಾಮ್ಮ ಡಾಕ್ಟ್ರಮ್ಮ, ಕೂತ್ಕೊ," ಅಂದಳು ತಫೀದಾ. "ಮನೆಗೆ ನೆಂಟ್ರು ಬಂದಿದ್ದಾರೆ, ನಂಗೆ ಹೇಳೇ ಇಲ್ಲ. ಯಾರು ಅಂತ ಪರಿಚಯ ಮಾಡ್ಸು."

"ತೇತಾ, ಅದು ಓದೋಕೆ." ಅಜ್ಜಿಯನ್ನು ಯುಮ್ನಾ ತೇತಾ ಎಂದೇ ಕರೆಯುವುದು.

"ಓದೋಕೆ ಪುಸ್ತಕ ಇರುತ್ತೆ ಅಂದ್ಕೊಂಡಿದ್ದೆ ನಾನು."

ಅಜ್ಜಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಈಗ ಅದು ಚಾಪೆಯ ಮಟ್ಟಕ್ಕೆ ಇಳಿದಿತ್ತು. ಯುಮ್ನಾ ಚೀಲ ಕೆಳಗಿಟ್ಟು ಕೂತಳು. ದಮನ್‌ಹೂರಿನಿಂದ ವೈದ್ಯಕೀಯ ಓದಲು ಬಂದು ಅಪ್ಪನ ತಾಯಿಯ ಮನೆಯಲ್ಲಿ ಇರತೊಡಗಿದ ಮೇಲೆ ಅವಳು ಈ ದನಿಯನ್ನು ಕೇಳಿದ್ದು ಒಂದೆರಡೇ ಸಲ.

ಹೇಳದೆ ಬೇರೆ ದಾರಿ ಇರಲಿಲ್ಲ. ಕಾಲೇಜಿನ ಎಲುಬುಗಳು ಗಾಜಿನ ಕಪಾಟಿನಲ್ಲಿ ಇರುತ್ತವೆ, ಕಪಾಟಿನ ಬೀಗದ ಕೈ ಇರುವ ಮನುಷ್ಯ ಸದಾ ಚಹಾ ಕುಡಿಯಲು ಹೋಗಿರುತ್ತಾನೆ. ಹಾಗಾಗಿ ನಾಲ್ವರು ಗೆಳತಿಯರು ಸೇರಿ ಮೇಲಿನ ವರ್ಷದವರಿಂದ ಒಂದು ಅಸ್ಥಿಪಂಜರ ತೆಗೆದುಕೊಂಡಿದ್ದಾರೆ. ತಲೆಬುರುಡೆ ಒಬ್ಬಳ ಮನೆಯಲ್ಲಿ, ಕೈ ಇನ್ನೊಬ್ಬಳ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಯುಮ್ನಾಳ ಪಾಲಿಗೆ ಈ ವಾರ ಬಂದದ್ದು ಮಂಡಿಯಿಂದ ಹರಡಿನವರೆಗೆ ಕಾಲಿನ ಹೊರಬದಿಯಲ್ಲಿ ಇಳಿಯುವ ಈ ಸಣ್ಣ, ಉದ್ದನೆಯ ಎಲುಬು. ಅವಳೇ ಕೇಳಿ ತಂದದ್ದು. ಹೋದ ಸಲ ಅಂಗರಚನೆಯ ಮೌಖಿಕ ಪರೀಕ್ಷೆಯಲ್ಲಿ ಅವಳು ನಪಾಸಾದದ್ದು ಇದೇ ಎಲುಬಿನಿಂದ.

"ಮೇಲಿನ ವರ್ಷದೋರಿಗೆ ಎಲ್ಲಿಂದ ಬಂತು?"

"ಅವರ ಮೇಲಿನೋರಿಂದ."

"ಅವರಿಗೆ?"

ಯುಮ್ನಾ ಚಾಪೆಯ ಅಂಚು ಕೀಳುತ್ತ ಕೂತಳು. ಎಲ್ಲಿಂದ ಬರುತ್ತವೆ ಎಂಬುದು ಊರಿಗೆಲ್ಲ ಗೊತ್ತು. ಗೋರಿ ತೋಡುವವರಿಗೂ ಹೊಟ್ಟೆ ಇರುತ್ತದೆ, ಕಬರಸ್ತಾನಕ್ಕೂ ಹಿಂಬಾಗಿಲು ಇರುತ್ತದೆ.

ಅಜ್ಜಿ ಬಯ್ಯಲಿಲ್ಲ. ಎಲುಬಿನ ಕೆಳತುದಿಗೆ ನಾಲ್ಕು ಬೆರಳು ಮೇಲೆ ಒಂದು ಉಬ್ಬಿತ್ತು, ಹಿಂದೆಂದೋ ಮುರಿದು ಕೂಡಿದ ಗುರುತು. ತಫೀದಾಳ ಹೆಬ್ಬೆರಳು ಅದರ ಮೇಲೆ ಸುತ್ತುತ್ತಿತ್ತು. "ಇದು ಯಾವ ಕಾಲಿಂದು? ಎಡಗಾಲೋ, ಬಲಗಾಲೋ?"

ಮಾತು ಪಾಪದಿಂದ ಪಾಠಕ್ಕೆ ತಿರುಗಿತಲ್ಲ ಎಂದು ಯುಮ್ನಾಳಿಗೆ ಜೀವ ಬಂತು. ಎಲುಬನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಚೂಪು ತುದಿ ಕೆಳಗೆ. ತುದಿಯ ಒಳಮೈಯಲ್ಲಿ ಒಂದು ನುಣುಪು ಜಾಗ, ಅದು ಪಾದದ ಎಲುಬಿಗೆ ತಾಗುವ ಮೈ. ಅದರ ಪಕ್ಕದಲ್ಲಿ ಒಂದು ಗುಳಿ. ಗುಳಿಯನ್ನು ಮುಂದೆ ಮಾಡಿ, ನುಣುಪು ಜಾಗ ಯಾವ ಕಡೆಗೆ ಬಂತೆಂದು ನೋಡಿ, ಪರೀಕ್ಷಕರ ಮುಂದೆ ಕೂತವಳ ಠೀವಿಯಲ್ಲಿ ಹೇಳಿದಳು: "ಎಡಗಾಲು."

ತಫೀದಾ ಕಣ್ಣು ಮುಚ್ಚಿದಳು. ಆಮೇಲೆ ತುಂಬ ಮೆಲ್ಲಗೆ, "ಅಲ್ಹಮ್ದುಲಿಲ್ಲಾ," ಅಂದಳು.

*

ಯುಮ್ನಾಳ ಅಜ್ಜ ಸನೂಸಿ ಮೀನುಗಾರ. ಮದುವೆಯಾದ ಹೊಸತರಲ್ಲಿ ಬಲೆ ಎಳೆಯುವ ರಾಟೆಯ ಹಗ್ಗ ಸುತ್ತಿಕೊಂಡು ಅವನ ಎಡಗಾಲು ಹರಡಿನ ಮೇಲೆ ಮುರಿದಿತ್ತು. ಮೊಟ್ಟೆಯ ಬಿಳಿಯಲ್ಲಿ ಹಿಟ್ಟು ಕಲಸಿ ಪಟ್ಟಿ ಕಟ್ಟಿದರು, ಕೂಡಿತು. ಆದರೆ ಹೊರಬದಿಯಲ್ಲಿ ಆಲಿವ್ ಕಾಯಿಯಷ್ಟು ದಪ್ಪದ ಗಂಟು ಉಳಿಯಿತು. ಚಳಿ ಬಂತೆಂದರೆ ನೋವು. ಸಂಜೆ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಫೀದಾ ಎಳ್ಳೆಣ್ಣೆ ತಿಕ್ಕುತ್ತಿದ್ದಳು. ಗಂಡನ ಮುಖ ಈಗ ಅವಳಿಗೆ ಅಷ್ಟು ಸ್ಪಷ್ಟವಾಗಿ ನೆನಪಿಲ್ಲ, ನಾಚಿಕೆ ಬಿಟ್ಟು ಅದನ್ನು ಒಪ್ಪಿಕೊಳ್ಳುತ್ತಾಳೆ. ಆ ಗಂಟು ಮಾತ್ರ ಹೆಬ್ಬೆರಳಿಗೆ ಇನ್ನೂ ಗೊತ್ತು.

ಯುಮ್ನಾಳ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಪ್ರತಿ ಚಳಿಗಾಲ ಬರುವ ಕಾಸಿಂ ಬಿರುಗಾಳಿ ಎದ್ದ ದಿನ ದೋಣಿ ಹೋಯಿತು. ಹಲಗೆಗಳು ದಡಕ್ಕೆ ಬಂದವು, ಲಾಟೀನು ಬಂತು, ಜನ ಬರಲಿಲ್ಲ. ಆಮೇಲೆ ವರ್ಷಗಟ್ಟಲೆ, ಸಮುದ್ರ ಯಾವ ಹೆಣ ಎಸೆಯಿತೆಂದು ಸುದ್ದಿ ಬಂದರೂ ತಫೀದಾ ಓಡಿದಳು. ಒಂದು ಸಲ ಮಾತ್ರ ಅವಳು ತಲುಪುವುದರೊಳಗೆ ಮಣ್ಣು ಮಾಡಿಯಾಗಿತ್ತು. ಹೆಸರಿಲ್ಲದವರ ಸಾಲಿನಲ್ಲಿ ಹೂತಿದ್ದೇವೆ ಅಂದರು. ಎಲ್ಲಿ ಎಂದು ಕೇಳಿದರೆ, ಅಲ್ಲೇ ಎಲ್ಲೋ ಎಂದು ಕೈ ಬೀಸಿದರು.

ಹಬ್ಬದ ಬೆಳಗ್ಗೆ ಊರೆಲ್ಲ ಕಬರಸ್ತಾನಕ್ಕೆ ಹೋಗುತ್ತದೆ. ತಾಳೆಗರಿ ಕೊಂಡು, ಬುಟ್ಟಿ ತುಂಬ ಸಿಹಿ ಬನ್ನು ಹೊತ್ತು, ತಮ್ಮ ತಮ್ಮವರ ಗೋರಿಯ ಪಕ್ಕ ಕೂತು ಸತ್ತವರಿಗಾಗಿ ಫಾತಿಹಾ ಪ್ರಾರ್ಥನೆ ಓದಿ, ಬಂದವರಿಗೆಲ್ಲ ಬನ್ನು ಹಂಚುತ್ತಾರೆ. ತಫೀದಾಳೂ ಹೋಗುತ್ತಾಳೆ. ತಂದೆಯ ಗೋರಿಯ ಹತ್ತಿರ ಒಂದಿಷ್ಟು ಹೊತ್ತು ಕೂರುತ್ತಾಳೆ, ಅಷ್ಟೆ. ಗಂಡನ ಹೆಸರಿನ ಬನ್ನು ಹಂಚಲು ಅವಳಿಗೆ ಜಾಗವಿಲ್ಲ. ಗೇಟಿನ ಹತ್ತಿರ ನಿಂತು ಹೋಗಿಬರುವವರ ಕೈಗೆ ತುರುಕುತ್ತಾಳೆ, ಕರೆಯದ ಮದುವೆಗೆ ಉಡುಗೊರೆ ತಂದವಳ ಹಾಗೆ.

ಇದೆಲ್ಲ ಯುಮ್ನಾಳಿಗೆ ಗೊತ್ತಿರುವ ಕತೆಯೇ. ಗೊತ್ತಿಲ್ಲದಿದ್ದದ್ದು ಎಡಗಾಲು ಎಂಬುದೊಂದೇ.

"ತೇತಾ, ಎಷ್ಟೋ ಜನ ಕಾಲು ಮುರ್ಕೋತಾರೆ. ಇದು ಅಜ್ಜಂದೇ ಅಂತ ಹೇಗೆ..."

"ಹೊರಗಡೆ. ಹರಡಿಂದ ನಾಲ್ಕು ಬೆರಳು ಮೇಲೆ. ಎಡಗಾಲು ಅಂತ ನಾನು ಹೇಳ್ಲಿಲ್ಲ, ನೀನೇ ಹೇಳಿದ್ದು. ಕಾಲೇಜು ಓದಿರೋಳು ನೀನು."

ಆಗಲೇ ಯುಮ್ನಾ ಎಲುಬನ್ನು ಮತ್ತೊಮ್ಮೆ ಕೈಗೆತ್ತಿಕೊಂಡು ಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡಬಹುದಿತ್ತು. ಹೋದ ಸಲ ಇದೇ ಪ್ರಶ್ನೆಗೆ ಮುಗ್ಗರಿಸಿದವಳು ಈ ಸಲ ಸರಿಯಾಗಿ ಹೇಳಿದೆನೇ ಎಂಬ ಹುಳ ತಲೆಯಲ್ಲಿ ಇಣುಕಿತು ಕೂಡ. ಆದರೆ ಅಜ್ಜಿಯ ಮುಖ ನೋಡಿ ಆ ಹುಳವನ್ನು ಅಲ್ಲೇ ಒತ್ತಿಬಿಟ್ಟಳು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ಅವಳು ಹಿಂದೆ ಕಂಡಿರಲಿಲ್ಲ.

*

ಗೆಳತಿ ಇನ್ಸಾಫ್‌ಗೆ ವಿಷಯ ಹೇಳಿದಾಗ ಅವಳು ಕಾಲೇಜಿನ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು.

"ಪರೀಕ್ಷೆ ತಲೆ ಮೇಲಿದೆ, ನೀನು ಎಲುಬು ಹೂಳೋಕೆ ಹೊರಟಿದ್ದೀಯಾ? ಅದು ನಾಲ್ಕೂ ಜನರದ್ದು ಕಣೇ. ಮುಂದಿನ ವರ್ಷದೋರಿಗೆ ಏನು ಕೊಡೋಣ, ನಿಮ್ಮಜ್ಜಿನ್ನ ಕೊಡೋಣ್ವಾ?"

"ನನ್ನ ಪಾಲಿನ ಎಲುಬು ಅಂದ್ಕೊ. ನಂಗೆ ಇನ್ಯಾವ ಎಲುಬೂ ಕೊಡ್ಬೇಡ."

"ಮತ್ತೆ ಓದೋದು ಹೇಗೆ?"

"ನನ್ನ ಕಾಲಿದೆಯಲ್ಲ."

ಇನ್ಸಾಫ್ ಒಂದು ಗಳಿಗೆ ಅವಳ ಮುಖ ನೋಡಿ, "ನಿಮ್ಮನೇಲಿ ಎಲ್ರೂ ಹೀಗೇನಾ?" ಅಂದಳು. ಆದರೆ ಉಳಿದ ಇಬ್ಬರನ್ನು ಒಪ್ಪಿಸಿದವಳೂ ಅವಳೇ.

ಊರಿನ ಪುರಾತನ ಕಲ್ಲಿನ ಸ್ತಂಭದ ಪಕ್ಕದ ಕಬರಸ್ತಾನದಲ್ಲಿ ಗೋರಿ ತೋಡುವವನು ಬಯೂಮಿ. ಅವನ ಅಪ್ಪನೂ ಅಲ್ಲೇ ತೋಡುತ್ತಿದ್ದ, ಅಜ್ಜನೂ ಅಲ್ಲೇ. ತಫೀದಾ ತನ್ನ ತಂದೆಯ ಗೋರಿಯ ಮೂಲೆಯಲ್ಲಿ ಒಂದು ಸಣ್ಣ ಕುಳಿ ತೋಡಲು ಹೇಳಿದಾಗ ಅವನು, ತೀರಿಕೊಂಡದ್ದು ಮಗುವಿರಬೇಕು ಎಂದುಕೊಂಡು ಮುಖ ಸಣ್ಣಗೆ ಮಾಡಿದ. ಅವಳು ಬುಟ್ಟಿಯಿಂದ ಬಿಳಿ ಬಟ್ಟೆಯ ಸುರುಳಿ ತೆಗೆದಾಗ ಅದರ ಉದ್ದ, ಅಗಲ ನೋಡಿಯೇ ಅವನಿಗೆ ಎಲ್ಲ ಗೊತ್ತಾಗಿಹೋಯಿತು. ಅವನ ಕೈಯಲ್ಲಿ ಎಷ್ಟು ದಾಟಿಹೋಗಿವೆಯೋ.

"ಹಾಜ್ಜಾ, ಇದು... ಪೂರ್ತಿ ಇಲ್ವಲ್ಲ."

"ಪೂರ್ತಿ ಕೊಡೋರು ಪೂರ್ತಿ ಕೊಟ್ಟಿದ್ರೆ ಪೂರ್ತಿನೇ ತರ್ತಿದ್ದೆ, ಬಯೂಮಿ. ನಿಂಗೆ ಗೊತ್ತಿರೋರು ಯಾರಾದ್ರೂ ಇದ್ರೆ ಕೇಳು, ಉಳಿದಿದ್ದು ಎಲ್ಲಿದೆ ಅಂತ."

ಬಯೂಮಿ ಗುದ್ದಲಿಯ ಮೇಲೆ ಬಗ್ಗಿದ. ಆಮೇಲೆ ತಲೆ ಎತ್ತಲೇ ಇಲ್ಲ. ಕುಳಿ ಬೇಕಾದದ್ದಕ್ಕಿಂತ ಆಳವಾಯಿತು. ಕೊಡಲು ಹೋದ ಬಕ್ಷೀಸನ್ನು ಅವನು ತೆಗೆದುಕೊಳ್ಳಲಿಲ್ಲ, ಅಜ್ಜಿಯೂ ಒತ್ತಾಯ ಮಾಡಲಿಲ್ಲ.

ಮಣ್ಣು ಮುಚ್ಚುವಾಗ ತಫೀದಾ ಅಳಲಿಲ್ಲ. ಅತ್ತದ್ದು ವಾಪಸು ಬರುವಾಗ ಟ್ರಾಮಿನಲ್ಲಿ, ಎಲ್ಲರೂ ನೋಡುವ ಹಾಗೆ, ಬಾಯಿಗೆ ಕೈಯನ್ನೂ ಅಡ್ಡ ಇಡದೆ. ಎದುರಿಗೆ ಕೂತಿದ್ದ ಹೆಂಗಸು ಏನಾಯಿತು ಎಂದು ಕೇಳಿದಾಗ, "ಏನಿಲ್ಲಮ್ಮ, ನಮ್ಮನೆಯೋರು ಸಿಕ್ಕಿದ್ರು," ಅಂದಳು. ಯುಮ್ನಾ ಕಿಟಕಿಯ ಆಚೆ ನೋಡುತ್ತ ಅಜ್ಜಿಯ ಕೈ ಹಿಡಿದುಕೊಂಡಳು. ಇಂಥದ್ದೊಂದು ಒಳ್ಳೆಯ ಕೆಲಸ ತನ್ನ ಕೈಯಿಂದ ಆಯಿತಲ್ಲ ಎಂದು ಅವಳಿಗೆ ಹೆಮ್ಮೆಯೂ ಆಗಿತ್ತು.

*

ಎಲುಬು ಹೋದ ಮೇಲೆ ಓದು ಅಜ್ಜಿಯ ಕಾಲಿಗೆ ಬಂತು. ಸಂಜೆ ಬಿಸಿನೀರಿಗೆ ಉಪ್ಪು ಹಾಕಿ ತಫೀದಾ ತನ್ನ ಊದಿದ ಕಾಲುಗಳನ್ನು ನೆನೆಸುವುದು ಹಳೆಯ ರೂಢಿ. ಈಗ ನೆನೆದ ಮೇಲೆ ಅವು ಮೊಮ್ಮಗಳ ತೊಡೆ ಏರುತ್ತಿದ್ದವು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಅಜ್ಜಿಯ ಪಾದ.

"ಇದು ಹಿಮ್ಮಡಿ ಎಲುಬು. ಹೆಜ್ಜೆ ಇಟ್ಟಾಗ ಮೊದಲು ನೆಲ ಮುಟ್ಟೋದು ಇದೇ. ಇದರ ಮೇಲೆ ಕೂತಿದೆ ನೋಡು ಹರಡಿನ ಎಲುಬು. ಮೈಭಾರ ಪೂರ್ತಿ ಇದರ ಮೇಲೇ ಬೀಳುತ್ತೆ. ಆದ್ರೆ ಒಂದೇ ಒಂದು ಮಾಂಸಖಂಡಾನೂ ಇದಕ್ಕೆ ಅಂಟ್ಕೊಂಡಿಲ್ಲ."

"ಪಾಪ. ಎಲ್ಲಾರ ಭಾರ ಹೊರ್ಬೇಕು, ಅಂಟ್ಕೊಳ್ಳೋರು ಯಾರೂ ಇಲ್ಲ. ನನ್ನ ಹಾಗೇ."

"ನಾನು ಅಂಟ್ಕೊಂಡಿಲ್ವಾ?"

"ನೀನು ಪರೀಕ್ಷೆಗೋಸ್ಕರ ಅಂಟ್ಕೊಂಡಿದ್ದೀಯ. ಮುಂದಕ್ಕೆ ಹೇಳು."

ಯುಮ್ನಾ ಪಾದದ ಒಳಬದಿಯ ಕಮಾನಿನ ಮೇಲೆ ಬೆರಳಿಟ್ಟಳು. "ಇಲ್ಲಿ ಉಬ್ಬಿದೆಯಲ್ಲ, ಇದಕ್ಕೆ ದೋಣಿ ಎಲುಬು ಅಂತಾರೆ. ಆಕಾರ ಹಾಗಿದೆ, ಅದಕ್ಕೆ."

"ನನ್ನ ಕಾಲೊಳಗೆ ದೋಣಿ?"

"ದೋಣಿ. ಇನ್ನು ಇಲ್ಲಿ ನೋಡು, ಮೀನಖಂಡ. ಇದರ ಒಳಗೆ ಇನ್ನೊಂದು ಖಂಡ ಇದೆ, ಚಪ್ಪಟೆ, ಥೇಟ್ ಮೂಸಾ ಮೀನು. ನೀನು ನಿಂತಿರುವಷ್ಟು ಹೊತ್ತೂ ಅದು ನಿನ್ನನ್ನ ಮುಂದಕ್ಕೆ ಮುಗ್ಗರಿಸದ ಹಾಗೆ ಹಿಡ್ಕೊಂಡಿರುತ್ತೆ. ಎರಡೂ ಸೇರಿ ಈ ದಪ್ಪ ಹುರಿಯಾಗಿ ಹಿಮ್ಮಡಿಗೆ ಬಂದು ಕಟ್ಕೊಳ್ಳುತ್ತೆ."

ತಫೀದಾ ತನ್ನ ಕಾಲನ್ನು ಹೊಸದಾಗಿ ಕಂಡವಳ ಹಾಗೆ ನೋಡಿದಳು. "ದೋಣಿ ಇದೆ, ಮೀನಿದೆ, ಹಗ್ಗ ಇದೆ. ಮೀನುಗಾರ ಒಬ್ಬ ಇರ್ಲಿಲ್ಲ. ಈಗ ಅವನೂ ಸಿಕ್ಕಿದ." ಅಷ್ಟು ಹೇಳಿ ನಕ್ಕಳು, ಹಲ್ಲಿಲ್ಲದ ಕಡೆಯೂ ಕಾಣುವ ಹಾಗೆ.

ಇಬ್ಬರಿಗೂ ಅದು ಸುಖದ ಕಾಲ. ಹುಡುಗಿ ಬೆಳಗ್ಗೆ ಟ್ರಾಮಿನಲ್ಲಿ ಎದುರು ಕೂತವರ ಚಪ್ಪಲಿಯೊಳಗಿನ ಬೆರಳುಗಳ ಎಲುಬು ಲೆಕ್ಕ ಹಾಕುವಳು, ಅಜ್ಜಿ ನೆರೆಮನೆಯವಳಿಗೆ ಹಿಮ್ಮಡಿ ನೋವಿಗೆ ಕಾರಣ ವಿವರಿಸಿ ದೊಡ್ಡ ಡಾಕ್ಟರಾಗುವಳು. ಹಬ್ಬ ಹತ್ತಿರ ಬರುತ್ತಿತ್ತು. ಈ ಸಲ ಬನ್ನಿಗೆ ಎಷ್ಟು ಬೆಣ್ಣೆ ಹಾಕಬೇಕು ಎಂಬ ಚರ್ಚೆ ಈಗಲೇ ಶುರುವಾಗಿತ್ತು.

ಪರೀಕ್ಷೆಯ ಹಿಂದಿನ ಸಂಜೆ ಯುಮ್ನಾ ಅಜ್ಜಿಯ ಬಲಗಾಲಿನ ಹೊರಬದಿಯಲ್ಲಿ, ಮಂಡಿಯ ಕೆಳಗಿನ ಗುಬಟಿನಿಂದ ಬೆರಳಿಳಿಸುತ್ತ ಬಂದಳು. ಇದೇ ಆ ಸಣ್ಣ ಎಲುಬು.

"ಪಕ್ಕದ ದಪ್ಪ ಎಲುಬು ಭಾರ ಹೊರುತ್ತೆ, ಇದು ಸುಮ್ನೆ ಪಕ್ಕದಲ್ಲಿ ನಿಂತಿರುತ್ತೆ," ಅಂದಳು.

"ಪಕ್ಕದಲ್ಲಿ ನಿಂತಿರೋದೂ ಒಂದು ಕೆಲ್ಸಾನೇ," ಅಂದಳು ತಫೀದಾ.

ಬೆರಳು ಹರಡಿನ ಗಂಟನ್ನು ಮುಟ್ಟಿತು, ಗಂಟನ್ನು ದಾಟಿ ಹಿಂದಕ್ಕೆ ಜಾರಿತು. ಅಲ್ಲಿ ತಗ್ಗು. ತಗ್ಗಿನಲ್ಲಿ ಎರಡು ಹುರಿಗಳು ಒಂದರ ಬೆನ್ನಿಗೊಂದು ಪಾದದ ಕಡೆಗೆ ಹೊರಳುತ್ತಿದ್ದವು. ಗಂಟಿನ ಮುಂದೆ ಬೆರಳಿಟ್ಟು ನೋಡಿದಳು, ಅಲ್ಲಿ ಅಂಥದ್ದೇನೂ ಇರಲಿಲ್ಲ. ಮತ್ತೆ ಹಿಂದೆ. ತಗ್ಗು ಇದ್ದದ್ದು ಹಿಂದೆಯೇ. ಪುಸ್ತಕ ತೆರೆದು ಚಿತ್ರ ನೋಡಿದಳು. ಎಲುಬಿನ ತುದಿಯ ಗುಳಿಯೂ ಅದೇ ಬದಿಗೆ, ಹಿಂದಕ್ಕೆ ಇತ್ತು.

ಗುಳಿ ಹಿಂದಿರಬೇಕು. ಅವಳು ಇಷ್ಟು ದಿನ ಅದನ್ನು ಮುಂದೆ ಇಟ್ಟುಕೊಂಡೇ ನೋಡುತ್ತಿದ್ದಳು. ಹಾಗೆ ನೋಡಿದರೆ ಎಡದ್ದು ಬಲವೆಂದು ಕಾಣುತ್ತದೆ, ಬಲದ್ದು ಎಡವೆಂದು. ಹೋದ ಸಲ ನಪಾಸಾದದ್ದು ಇದಕ್ಕೇ. ಕಿಟಕಿಯ ಬೆಳಕಿನಲ್ಲಿ ಠೀವಿಯಿಂದ ಎಡಗಾಲು ಅಂದದ್ದೂ ಹೀಗೇ.

"ಈ ಹಬ್ಬಕ್ಕೆ ನಾನು ಗೇಟಿನ ಹತ್ರ ನಿಲ್ಲಲ್ಲ," ಅನ್ನುತ್ತಿದ್ದಳು ತಫೀದಾ, ಕಣ್ಣು ಮುಚ್ಚಿಕೊಂಡು. "ಒಳಗೆ ಹೋಗಿ ಕೂತ್ಕೋತೀನಿ. ಯಾಕೆ ಕೈ ನಿಂತೋಯ್ತು? ತಿಕ್ಕು."

ಯುಮ್ನಾ ತಿಕ್ಕಿದಳು. ಪುಸ್ತಕ ಮುಚ್ಚಿಟ್ಟು, ಓದಿ ಓದಿ ಸಾಕಾಯಿತು ಅಂದಳು.

*

ಪರೀಕ್ಷೆಯ ಕೋಣೆಯಲ್ಲಿ ಪರೀಕ್ಷಕರು ಮೇಜಿನ ಮೇಲಿನ ರಾಶಿಯಲ್ಲಿ ಕೈಯಾಡಿಸಿ, ಅದೃಷ್ಟವೇ ಆರಿಸಿದ ಹಾಗೆ, ಅದೇ ಜಾತಿಯ ಎಲುಬನ್ನು ತೆಗೆದು ಅವಳ ಮುಂದಿಟ್ಟರು.

"ಯಾವ ಕಡೆಯದು?"

ಯುಮ್ನಾ ಅದನ್ನು ಕೈಗೆತ್ತಿಕೊಂಡು ತೊಡೆಯ ಮೇಲೆ ಅಜ್ಜಿಯ ಕಾಲಿದೆ ಅಂದುಕೊಂಡಳು. ತುದಿ ಕೆಳಗೆ, ಗುಳಿ ಹಿಂದೆ, ನುಣುಪು ಮೈ ಒಳಗೆ. ಎಡದ್ದು ಎಂದು ಬಂತು. ಹಳೆಯ ರೀತಿಯಲ್ಲಿ ನೋಡಿದ್ದರೆ ಬಲ ಎನ್ನುತ್ತಿದ್ದಳು. ತಾನು ಕಲಿತದ್ದೇ ತಪ್ಪಾಗಿರಲಿ, ಹಳೆಯದೇ ಸರಿಯಾಗಿರಲಿ, ನಪಾಸಾದರೂ ಚಿಂತೆಯಿಲ್ಲ ಎಂದು ಅವಳ ಮನಸ್ಸು ಬೇಡಿಕೊಂಡಿತು. ಉತ್ತರ ತಪ್ಪಾಗಲಿ ಎಂದು ಪರೀಕ್ಷೆಯಲ್ಲಿ ಕೂತು ಹರಕೆ ಹೊತ್ತವಳು ಲೋಕದಲ್ಲಿ ಅವಳೊಬ್ಬಳೇ ಇರಬೇಕು.

"ಎಡಗಾಲಿಂದು, ಸರ್."

"ಹ್ಞಾಂ. ಹೋದ ಸಲ ಇದರಲ್ಲೇ ಅಲ್ವಾ ನೀನು ಎಡವಿದ್ದು? ಈಗ ಸರಿಯಾಗಿ ಕಲ್ತಿದ್ದೀಯ." ಪರೀಕ್ಷಕರು ಮುಂದಿನ ಎಲುಬಿಗೆ ಕೈ ಹಾಕಿದರು.

ಪಾಸಾದಳು. ಇನ್ಸಾಫ್ ಅವಳನ್ನು ತಬ್ಬಿಕೊಂಡು ಕುಣಿದಳು, ಕಬ್ಬಿನ ಹಾಲು ಕುಡಿಸಿದಳು, ಮುಖ ಯಾಕೆ ಹೀಗೆ ಮಾಡ್ಕೊಂಡಿದ್ದೀಯ ಎಂದು ಗದರಿದಳು. ಯುಮ್ನಾ ಸಮುದ್ರದ ದಡದ ದಾರಿ ಹಿಡಿದು ನಡೆದೇ ಮನೆಗೆ ಬಂದಳು. ದಾರಿಯುದ್ದಕ್ಕೂ ಒಂದೇ ಲೆಕ್ಕ. ಹೇಳದಿದ್ದರೆ ಯಾರಿಗೇನು ನಷ್ಟ? ಅಜ್ಜಿಗೆ ಒಂದು ಗೋರಿ ಸಿಕ್ಕಿದೆ. ಮಣ್ಣಿನೊಳಗಿನ ಎಲುಬು ಎದ್ದು ಬಂದು ನಾನು ಬಲಗಾಲಿನದು ಎಂದು ಜಗಳ ಕಾಯುವುದಿಲ್ಲ. ಸುಮ್ಮನಿದ್ದುಬಿಡುವುದು ಎಂದು ಮೆಟ್ಟಿಲು ಹತ್ತುವಾಗ ಗಟ್ಟಿ ಮಾಡಿಕೊಂಡಿದ್ದಳು.

ತಫೀದಾ ಅಡುಗೆಮನೆಯಲ್ಲಿ ಮೀನು ಉಜ್ಜುತ್ತಿದ್ದಳು, ಪಾಸಾದ ಸುದ್ದಿ ಕೇಳುವ ಮೊದಲೇ ಪಾಸಾದವಳಿಗೆಂದು ತಂದ ಮೀನು. ಸುದ್ದಿ ಕೇಳಿ ಒದ್ದೆ ಕೈಯಲ್ಲೇ ಮೊಮ್ಮಗಳ ಕೆನ್ನೆ ಹಿಡಿದಳು. ಆಮೇಲೆ ತನ್ನ ಸುದ್ದಿ ಹೇಳಿದಳು.

"ಕಲ್ಲು ಕೆತ್ತೋನಿಗೆ ಹೇಳಿ ಬಂದಿದ್ದೀನಿ. ಹಬ್ಬಕ್ಕೆ ಮುಂಚೆ ನಿಲ್ಲಿಸ್ತಾನಂತೆ. ಮೇಲೆ ಸನೂಸಿ ಅಂತ ಬರಿ, ಕೆಳಗೆ ನಂಗೂ ಜಾಗ ಬಿಡು ಅಂದೆ. ಇಷ್ಟು ವರ್ಷ ಬೇರೆ ಬೇರೆ ಇದ್ದಿದ್ದು ಸಾಕು."

ಯುಮ್ನಾ ಕುರ್ಚಿ ಎಳೆದುಕೊಂಡು ಕೂತಳು. ಮಣ್ಣು ಸುಮ್ಮನಿರುತ್ತದೆ, ಕಲ್ಲು ಸುಮ್ಮನಿರುವುದಿಲ್ಲ. ಅಲ್ಲಿ ಸನೂಸಿ ಎಂದು ಬರೆದರೆ ಒಳಗಿರುವವರ ಹೆಸರು ಎಂದೆಂದಿಗೂ ಅಳಿಸಿಹೋಗುತ್ತದೆ, ಅಜ್ಜಿ ಒಂದು ದಿನ ಗುರುತಿಲ್ಲದವರ ಪಕ್ಕ ಗಂಡನೆಂದು ನಂಬಿ ಮಲಗುತ್ತಾಳೆ. ತನ್ನ ಒಂದು ಮಾತಿನಿಂದ ಇಷ್ಟೆಲ್ಲ ಆಯಿತು.

"ತೇತಾ, ಆ ಎಲುಬು ಬಲಗಾಲಿಂದು."

ತಫೀದಾ ತಿರುಗಲಿಲ್ಲ.

"ನಾನು ಗುಳಿನ ಮುಂದಿಟ್ಟು ನೋಡ್ದೆ. ಅದು ಹಿಂದಿರ್ಬೇಕು. ನಿನ್ನ ಕಾಲು ಮುಟ್ಟಿದಾಗ್ಲೇ ಗೊತ್ತಾಗಿದ್ದು. ಅಜ್ಜಂದು ಎಡಗಾಲು. ಅದು ಅಜ್ಜ ಅಲ್ಲ."

ನಲ್ಲಿಯ ನೀರು ಮೀನಿನ ಮೇಲೆ ಬೀಳುತ್ತಲೇ ಇತ್ತು. "ಖಂಡಿತಾನಾ?" ಎಂದು ಅಜ್ಜಿ ಕೇಳಿದಳು.

"ಇವತ್ತು ಪಾಸಾಗಿದ್ದು ಅದೇ ಪ್ರಶ್ನೆಗೆ."

"ಹೇಳ್ದೇ ಇರ್ಬಹುದಿತ್ತು."

"ಇರ್ಬಹುದಿತ್ತು. ಕಲ್ಲು ಅಂದ್ಯಲ್ಲ, ಅದಕ್ಕೆ."

"ಹೇಳ್ದೇ ಇದ್ದಿದ್ರೆ ನಂಗೆ ನೆಮ್ಮದಿ ಇರ್ತಿತ್ತು."

"ಗೊತ್ತು."

"ಅವತ್ತು ಯಾಕೆ ಅಷ್ಟು ಜಂಬದಿಂದ ಹೇಳ್ದೆ? ಗೊತ್ತಿಲ್ಲ ಅಂದಿದ್ರೆ ನಾಲಿಗೆ ಸವೀತಿತ್ತಾ?" ದನಿ ಈಗ ಚಾಪೆಗಿಂತ ಕೆಳಗೆ, ನೆಲದೊಳಗೆ ಇಳಿದಿತ್ತು. ಯುಮ್ನಾಳಿಗೆ ಅಳು ಬಂತು, ಅಳುವ ಹಕ್ಕು ತನಗಿಲ್ಲ ಅನ್ನಿಸಿ ನುಂಗಿಕೊಂಡಳು. ತಫೀದಾ ನಲ್ಲಿ ನಿಲ್ಲಿಸಿ, ಮೀನಿಗೆ ಉಪ್ಪು ಜೀರಿಗೆ ಹಚ್ಚಿಟ್ಟು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ಹಬ್ಬದವರೆಗೂ ಮನೆಯಲ್ಲಿ ಮಾತಿರಲಿಲ್ಲ. ಊಟ ಇಟ್ಟಿದೆ, ಬಾಗಿಲು ಹಾಕ್ಕೋ, ಇಷ್ಟೇ. ಸಂಜೆ ಅಜ್ಜಿ ಒಬ್ಬಳೇ ಕಾಲು ನೆನೆಸಿ, ಒಬ್ಬಳೇ ಒರೆಸಿಕೊಂಡಳು. ಕಲ್ಲು ಕೆತ್ತುವವನ ಹತ್ತಿರ ಒಂದು ದಿನ ಹೋಗಿಬಂದಳು. ಏನು ಹೇಳಿದಳು ಎಂದು ಕೇಳುವ ಧೈರ್ಯ ಯುಮ್ನಾಳಿಗೆ ಬರಲಿಲ್ಲ. ಊರಿಗೆ ಹೋಗಿಬಿಡಲೇ ಎಂದು ಯೋಚಿಸಿದಳು, ಅಜ್ಜಿಯನ್ನು ಹಬ್ಬಕ್ಕೆ ಒಂಟಿ ಬಿಟ್ಟು ಹೋಗಲು ಕಾಲು ಬರಲಿಲ್ಲ.

*

ಹಬ್ಬದ ಬೆಳಗ್ಗೆ ಎದ್ದಾಗ ಮನೆಯಲ್ಲಿ ಬೆಣ್ಣೆ, ಸೋಂಪಿನ ಘಮ ಇತ್ತು. ಬನ್ನಿನ ಬುಟ್ಟಿ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಯುಮ್ನಾ ಮುಖಕ್ಕೆ ನೀರು ಹಾಕಿಕೊಂಡು ಕಬರಸ್ತಾನಕ್ಕೆ ಓಡಿದಳು.

ಗೇಟಿನ ಹತ್ತಿರ ಜನವೋ ಜನ. ತಾಳೆಗರಿ ಮಾರುವವರು, ಹೊಸ ಬಟ್ಟೆಯ ಮಕ್ಕಳು. ಅಜ್ಜಿ ಪ್ರತಿವರ್ಷ ನಿಲ್ಲುವ ಗೋಡೆಯ ಪಕ್ಕ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಜನರನ್ನು ಸರಿಸಿಕೊಂಡು ಒಳಗೆ ಹೋದಳು.

ತಫೀದಾ ತಂದೆಯ ಗೋರಿಯ ಮೂಲೆಯಲ್ಲಿ, ಆ ಸಣ್ಣ ಕುಳಿಯ ಪಕ್ಕ, ಕಾಲು ಚಾಚಿ ಕೂತಿದ್ದಳು. ಮಣ್ಣಿನ ಮೇಲೆ ಹಸಿ ತಾಳೆಗರಿ ಹರಡಿತ್ತು. ಪುಟ್ಟ ಕಲ್ಲು ನಿಂತಿತ್ತು. ಹೆಸರು ಇರಬೇಕಾದ ಜಾಗ ಖಾಲಿ. ಅದರ ಕೆಳಗೆ, ಇಲ್ಲಿ ಬಂದವರು ಫಾತಿಹಾ ಓದಿ ಎಂದಷ್ಟೇ ಕೆತ್ತಿತ್ತು. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಬನ್ನು ತೆಗೆದುಕೊಂಡು ಕಲ್ಲನ್ನೇ ನೋಡುತ್ತಿದ್ದಳು.

"ಹೆಸರೇ ಇಲ್ವಲ್ಲ ಹಾಜ್ಜಾ. ಯಾರಿಗೆ ಅಂತ ಓದ್ಲಿ?"

"ಬಲಗಾಲು ಮುರ್ಕೊಂಡಿದ್ದೋರು ಒಬ್ರು. ಗಂಡೋ ಹೆಣ್ಣೋ ನಂಗೂ ಗೊತ್ತಿಲ್ಲ. ನೀನು ಓದಮ್ಮ, ತಲುಪುತ್ತೆ."

ಆ ಹೆಂಗಸು ಒಂದು ಗಳಿಗೆ ತಬ್ಬಿಬ್ಬಾದಳು, ಆದರೂ ಕೈ ಎತ್ತಿ ಓದಿ, ಮಗುವಿನ ಬಾಯಿಗೆ ಒಂದು ತುಂಡು ಬನ್ನು ಇಟ್ಟು ಹೋದಳು. ಯುಮ್ನಾ ಹತ್ತಿರ ಬಂದು ನಿಂತಳು. ಅಜ್ಜಿ ತಲೆ ಎತ್ತಲಿಲ್ಲ, ಪಕ್ಕದ ಜಾಗದ ಮಣ್ಣನ್ನು ಕೈಯಿಂದ ಸವರಿದಳು.

"ಬಲ ಅನ್ನೋದು ಖಂಡಿತ ತಾನೆ? ಆಮೇಲೆ ಬಂದು ಎಡ ಅನ್ಬೇಡ. ಬೆಳಗ್ಗಿಂದ ಎಲ್ರಿಗೂ ಬಲ ಅಂತಾನೇ ಹೇಳಿದ್ದೀನಿ."

"ಖಂಡಿತ ತೇತಾ."

ಯುಮ್ನಾ ಕೂತಳು. ಆ ಕಡೆ ಯಾರೋ ಗಟ್ಟಿಯಾಗಿ ಕುರಾನ್ ಓದುತ್ತಿದ್ದರು, ಮಕ್ಕಳು ಗೋರಿಗಳ ನಡುವೆ ಓಡಾಡುತ್ತಿದ್ದರು. ತಫೀದಾ ತಾಳೆಗರಿಯ ಒಂದು ಎಳೆ ಸರಿಮಾಡಿದಳು.

"ನಿನ್ನ ಮೇಲೆ ತುಂಬಾ ಸಿಟ್ಟಿತ್ತು," ಅಂದಳು. "ಇನ್ನೂ ಒಂದು ಸ್ವಲ್ಪ ಇದೆ. ನಿನ್ನೆ ಬನ್ನಿಗೆ ಹಿಟ್ಟು ನಾದ್ತಾ ಕೂತಿದ್ದೆ, ಯಾರಿಗೋಸ್ಕರ ನಾದ್ತಿದ್ದೀನಿ ಅನ್ನಿಸ್ತು. ಆಮೇಲೆ ಅಂದ್ಕೊಂಡೆ, ಈ ಕಾಲಿನೋರಿಗೂ ಒಂದು ಮನೆ ಇರುತ್ತಲ್ವಾ. ಆ ಮನೆಯೋರು ಇವತ್ತು ಯಾವುದೋ ಗೇಟಿನ ಹತ್ರ ಬುಟ್ಟಿ ಹಿಡ್ಕೊಂಡು ನಿಂತಿರ್ತಾರೆ, ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ದೆ. ಅವ್ರ ಪರವಾಗಿ ನಾನಿಲ್ಲಿ ಕೂತಿರ್ತೀನಿ. ನಿಮ್ಮಜ್ಜನ ಹತ್ರಾನೂ ಯಾರೋ ಒಬ್ರು ಹೀಗೇ ಕೂತಿರ್ಲಿ."

ತಫೀದಾ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು, ಬುಟ್ಟಿಯಿಂದ ಒಂದು ಬನ್ನು ತೆಗೆದು ಮೊಮ್ಮಗಳ ಕೈಗಿಟ್ಟಳು. "ಓದು. ಮೊದಲು ಇವರಿಗೆ, ಆಮೇಲೆ ಅವನಿಗೆ."

ಯುಮ್ನಾ ಎರಡು ಸಲ ಓದಿದಳು. ಓದಿ ಮುಗಿಸಿ, ಬನ್ನನ್ನು ಮುರಿದು ಅರ್ಧ ಅಜ್ಜಿಗೆ ಕೊಟ್ಟು, ಅವಳ ಊದಿದ ಬಲಗಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಹರಡಿನ ಹಿಂದೆ ಮೆಲ್ಲಗೆ ತಿಕ್ಕತೊಡಗಿದಳು. ತಫೀದಾ ಕಾಲು ಎಳೆದುಕೊಳ್ಳಲಿಲ್ಲ.